ಕಾಟಾ ನಮ್ಮದು, ಸಹಿ ನನ್ನದು, ತೂಕ ಮಾತ್ರ ನಿಮ್ಮದು

ಮಾದಕ ವಸ್ತು ಪ್ರಕರಣಗಳ ಮೇಲ್ವಿಚಾರಣೆ ಹೊತ್ತಿರುವ ಹಿರಿಯ ಪೊಲೀಸ್ ಅಧಿಕಾರಿಗಳಿಗೆ

ಮಾನ್ಯರೇ,

ನಾನು ದಾನಮ್ಮ, ದಿವಂಗತ ಸಂಗಣ್ಣನವರ ಹೆಂಡತಿ. ಸೇಡಂ ತಾಲೂಕಿನಲ್ಲಿ, ಆಡಕಿಗೆ ಹೋಗುವ ದಾರಿಯಿಂದ ಒಳಗಿರುವ ಒಂದು ಸಣ್ಣ ಊರಿನ ದೊಡ್ಡ ಮನೆಯವಳು. ವಯಸ್ಸು ಅರವತ್ತಾರು. ಮೆಟ್ರಿಕ್ ಪಾಸು, ಅದೂ ಮೊದಲನೇ ಸಲಕ್ಕೇ. ನಲವತ್ತು ಎಕರೆ ಎರೆ ಹೊಲ, ಇಬ್ಬರು ಗಂಡುಮಕ್ಕಳು, ಹನ್ನೊಂದು ದನ ಇಂದಿಗೂ ನನ್ನ ಮಾತಿನ ಮೇಲೆ ನಡೆಯುತ್ತವೆ. ಊರಲ್ಲಿ ಜಗಳ ಬಿದ್ದರೆ ಜನ ಠಾಣೆಗೆ ಹೋಗುವ ಮೊದಲು ನಮ್ಮ ಕಟ್ಟೆಗೆ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇಲ್ಲವೆಂದೂ ಹೇಳುವುದಿಲ್ಲ. ನಿಮಗೆ ಬರೆಯುತ್ತಿರುವವಳು ಯಾರು ಎಂಬುದು ತಿಳಿದಿರಲಿ, ಯಾಕೆಂದರೆ ನಿಮ್ಮವರು ನನ್ನನ್ನು ಬಳಸಿಕೊಂಡದ್ದು ಈ ಹಿರಿತನವನ್ನು ನೋಡಿಯೇ.

ದೂರು ಇಷ್ಟು. ನಮ್ಮ ಊರಿನ ಲಾಲಪ್ಪನ ಮೇಲೆ ನಿಮ್ಮವರು ಹಾಕಿದ ಗಾಂಜಾ ಕೇಸಿನ ಪಂಚನಾಮೆಯಲ್ಲಿ ಇಪ್ಪತ್ತಮೂರು ಕಿಲೋ ನಾಲ್ಕುನೂರು ಗ್ರಾಂ ಎಂದು ಬರೆದಿದೆ. ಆ ತೂಕ ಸುಳ್ಳು. ಅದರ ಕೆಳಗೆ ಇಬ್ಬರು ಪಂಚರ ಸಹಿ ಇದೆ. ಒಂದು ನನ್ನದು. ಸಹಿ ಸುಳ್ಳಲ್ಲ, ಅದೇ ನನ್ನ ಸಂಕಟ. ಆ ಸಹಿಯ ಬಲದಿಂದ ಒಬ್ಬ ಮನುಷ್ಯ ಎಂಟು ತಿಂಗಳಿಂದ ಜೈಲಿನಲ್ಲಿ ಕುಳಿತಿದ್ದಾನೆ. ಈ ವಿಷಯವನ್ನು ಕಳೆದ ನವೆಂಬರಿನಲ್ಲೇ ರಿಜಿಸ್ಟರ್ ಅಂಚೆಯಲ್ಲಿ ನಿಮಗೆ ಬರೆದಿದ್ದೆ. ಮುಟ್ಟಿದ ಚೀಟಿ ಬಂತು. ಉತ್ತರ ಬರಲಿಲ್ಲ. ಅಂಚೆಯವನಿಗಿರುವ ಶಿಸ್ತು ನಿಮ್ಮ ಕಚೇರಿಗೂ ಇದ್ದಿದ್ದರೆ ನಾನು ಇವತ್ತು ಎಲ್ಲರ ಎದುರು ಬರೆಯಬೇಕಾಗಿರಲಿಲ್ಲ.

ಪಂಚರೆಂದರೆ ಯಾರು ಎಂದು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಪೊಲೀಸರು ಎಲ್ಲಿಯಾದರೂ ಶೋಧ ಮಾಡಿ ಏನನ್ನಾದರೂ ಜಪ್ತಿ ಮಾಡಿದರೆ, ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ, ‘ಹೌದು, ಹೀಗೇ ನಡೆಯಿತು’ ಎಂದು ಸಹಿ ಹಾಕುವ ಇಬ್ಬರು ಸಾಮಾನ್ಯ ಜನ. ನಮ್ಮ ಊರಲ್ಲಿ ಬಹಳ ಮಂದಿ ಹೆಬ್ಬೆಟ್ಟಿನವರಾಗಿದ್ದ ಕಾಲದಿಂದ ಈ ಸಹಿ ನಮ್ಮ ಮನೆಯದು. ನಮ್ಮ ಮಾವನವರು ಉರ್ದುವಿನಲ್ಲಿ ಸಹಿ ಹಾಕುತ್ತಿದ್ದರು. ಅವರ ನಂತರ ನನ್ನ ಗಂಡ ಕನ್ನಡದಲ್ಲಿ ಹಾಕಿದರು. ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಆಗ ಒಬ್ಬ ಪೊಲೀಸಿನವನು ನಮ್ಮ ಕಟ್ಟೆಯ ಮೇಲೇ ಕೇಳಿದ, “ಹೆಣ್ಣುಮಗಳ ಸಹಿ ನಡೀತದೇನ್ರಿ?” ಅವತ್ತು ಠಾಣೆಯ ಮುಖ್ಯಸ್ಥರಾಗಿದ್ದ ಫೌಜದಾರರು ನಕ್ಕು, “ಮೆಟ್ರಿಕ್ ಪಾಸಾದವರ ಸಹಿ ಅದನೋ, ನಡೀಲಾರ್ದೆ ಏನ್ ಮಾಡ್ತದ?” ಎಂದರು. ಆ ಮಾತು ನನ್ನ ತಲೆಗೆ ಏರಿತು. ಅಂದಿನಿಂದ ಎಷ್ಟು ಕಾಗದಕ್ಕೆ ಸಹಿ ಹಾಕಿದೆನೋ ಲೆಕ್ಕವಿಟ್ಟಿಲ್ಲ.

ಒಂದನ್ನೂ ಓದಲಿಲ್ಲ. ನಾಚಿಕೆಯಾದರೂ ಬರೆಯುತ್ತೇನೆ. ನಮ್ಮ ಮನೆಯ ರೀತಿಯೇ ಹಾಗಿತ್ತು. ಮನೆ ಬಾಗಿಲಿಗೆ ಬಂದ ಅಧಿಕಾರಿಯ ಕಾಗದವನ್ನು ಓದಿ ಸಹಿ ಹಾಕುವುದೆಂದರೆ ಅವರನ್ನು ನಂಬಲಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಮೊದಲು ಚಹಾ ಕೊಡುವುದು, ಆಮೇಲೆ ಸಹಿ ಕೊಡುವುದು, ಅದು ದೊಡ್ಡಸ್ತಿಕೆ. ಕಾಗದ ಖಾಲಿ ಇದ್ದರೂ ನಮ್ಮ ಮಾವನವರು “ಬರಕೋರಿ, ಬರಕೋರಿ” ಎನ್ನುತ್ತಿದ್ದರಂತೆ. ನಾನೂ ಅದನ್ನೇ ಕಲಿತೆ. ನಿಮ್ಮ ಇಲಾಖೆಗೆ ಇಂಥ ದೊಡ್ಡಸ್ತಿಕೆಯ ಮನೆಗಳು ಎಷ್ಟು ಅನುಕೂಲ ಎಂಬುದು ನನಗೆ ತಿಳಿಯಲು ಅರವತ್ತಾರು ವರ್ಷ ಬೇಕಾಯಿತು.

ಹೋದ ಭಾದ್ರಪದದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಜೀಪು ನಮ್ಮ ಅಂಗಳಕ್ಕೆ ಬಂತು. ಲಾಲಪ್ಪನ ಎಮ್ಮೆ ಕೊಟ್ಟಿಗೆಯ ಹಿಂದೆ ಮೂರು ಗಾಂಜಾ ಗಿಡ ಸಿಕ್ಕಿವೆ, ತೂಕ ಮಾಡಲು ನಿಮ್ಮ ಕಾಟಾ ಬೇಕು, ಪಂಚರಾಗಿ ನೀವೂ ಬೇಕು ಎಂದರು. ನಮ್ಮ ಕಾಟಾ ತೊಗರಿ ಚೀಲ ತೂಗುವ ಕಾಟಾ. ಸುತ್ತ ನಾಲ್ಕು ಊರಿನವರು ಅದರ ತೂಕವನ್ನು ನಂಬುತ್ತಾರೆ. ಕೊಟ್ಟೆ. ಗಿಡಗಳನ್ನು ಬೇರುಸಹಿತ ಕಿತ್ತು ತಂದಿದ್ದರು. ಒಂದೊಂದು ಬೇರಿನಲ್ಲೂ ತೆಂಗಿನಕಾಯಿಯಷ್ಟು ದಪ್ಪದ ಎರೆಮಣ್ಣಿನ ಮುದ್ದೆ. ಹಸಿ ಎರೆಮಣ್ಣು ಬೇರನ್ನು ಹೇಗೆ ಹಿಡಿಯುತ್ತದೆ ಎಂದು ಈ ಕಡೆಯ ಮಣ್ಣು ತುಳಿದವರಿಗೆ ಹೇಳಬೇಕಿಲ್ಲ. ಎಲ್ಲವನ್ನೂ ನೀರು ಸುರಿಯುತ್ತಿದ್ದ ತಾಡಪತ್ರಿಯಲ್ಲಿ, ನೀವನ್ನುವ ಟಾರ್ಪಾಲಿನಲ್ಲಿ, ಸುತ್ತಿ, ತಾಡಪತ್ರಿ ಸಮೇತ ಕಾಟಾದ ಮೇಲೆ ಇಟ್ಟರು.

ನಾನು ಸುಮ್ಮನಿರಲಿಲ್ಲ ಎಂದು ಹೇಳಿಕೊಳ್ಳಲು ಒಂದು ಮಾತಿದೆ. “ಮಣ್ಣು ಝಾಡಸ್ರಿ ಸಾಹೇಬ್ರ, ತಾಡಪತ್ರಿ ತೆಗೀರಿ” ಎಂದೆ. ಫೌಜದಾರರ ಜೊತೆ ಬಂದಿದ್ದ ಒಬ್ಬ ಪೊಲೀಸಿನವನು ಹಲ್ಲು ಬಿಟ್ಟು ಹೇಳಿದ, “ಅಮ್ಮಾರ, ಇದೇನ್ ತೊಗರಿ ಏನ್ರಿ, ತ್ಯಾವ ಕಡೀಲಿಕ್ಕಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾನ್ಯರೇ, ತೊಗರಿ ಮಾರಲು ಹೋದಾಗ ಅಡತಿಯ ದಲಾಲ ತೇವವಿದೆ ಎಂದು ಚೀಲಕ್ಕೆ ಎರಡು ಕಿಲೋ ಕಡಿದರೆ ಅವನ ಅಂಗಡಿಯ ಮುಂದೆಯೇ ಕಾಳು ಬಾಯಿಗೆ ಹಾಕಿ ಕಡಿದು, ಒಣಗಿದ ಕಾಳಿನ ಸದ್ದು ಕೇಳಿಸುವವಳು ನಾನು. ಚೀಲದ ತೂಕ ಬೇರೆ, ಕಾಳಿನ ತೂಕ ಬೇರೆ, ಕಲ್ಲು ಮಣ್ಣಿನ ತೂಕ ಬೇರೆ ಎಂದು ಮೂವತ್ತು ವರ್ಷ ವಾದ ಮಾಡಿದವಳು. ನನ್ನ ತೊಗರಿಗೆ ಕೇಳಿದ ನ್ಯಾಯವನ್ನು ಒಬ್ಬ ಮನುಷ್ಯನಿಗೆ ಕೇಳಲಿಲ್ಲ. ಅವನು ಅಲ್ಲೇ ಇದ್ದ, ಜೀಪಿನ ಹಿಂದಿನ ಸೀಟಿನಲ್ಲಿ. “ಅವ್ವಾರ, ನೀವರ ಹೇಳ್ರಿ” ಎಂದ. ಅಷ್ಟೇ ಎಂದ. “ಕಾನೂನು ಅದ ಲಾಲಪ್ಪ, ನಾ ಏನ್ ಹೇಳ್ಲಿ?” ಎಂದು ಒಳಗೆ ಹೋಗಿ ಚಹಾಕ್ಕೆ ಹೇಳಿದೆ. ಚಹಾ ಕುಡಿದ ಮೇಲೆ ಮೂರು ಖಾಲಿ ಹಾಳೆ ಮುಂದಿಟ್ಟರು. ಸಹಿ ಹಾಕಿದೆ.

ಮರುದಿನ ಪತ್ರಿಕೆಯಲ್ಲಿ ‘ಭಾರಿ ಪ್ರಮಾಣದ ಗಾಂಜಾ ವಶ’ ಎಂದು ಬಂತು. ಫೋಟೊದಲ್ಲಿ ಏಳು ಜನ ಅಧಿಕಾರಿಗಳು ಎದೆ ಮುಂದೆ ಮಾಡಿ ನಿಂತಿದ್ದಾರೆ, ಮುಂದೆ ಮೂರು ಗಿಡ. ಒಂದು ಗಿಡಕ್ಕೆ ಇಬ್ಬರಿಗಿಂತ ಹೆಚ್ಚು ಅಧಿಕಾರಿ ಬೀಳುತ್ತಾರೆ. ಜಪ್ತಿಯನ್ನು ಚಿತ್ರೀಕರಿಸಬೇಕೆಂದು ಹೊಸ ಕಾನೂನು ಹೇಳುತ್ತದಂತೆ, ನಾನು ಆಮೇಲೆ ಕಂಡ ವಕೀಲರು ಹೇಳಿದರು. ನಿಮ್ಮವರ ಕೈಯಲ್ಲಿ ಮೊಬೈಲು ಇತ್ತು. ಬೇರು, ಮಣ್ಣು, ತಾಡಪತ್ರಿ, ಕಾಟಾ ಇದ್ದಾಗ ಅದು ಜೇಬಿನಲ್ಲಿತ್ತು. ಸಾಹೇಬರು ಟೊಪ್ಪಿಗೆ ಸರಿ ಮಾಡಿಕೊಂಡು ನಿಂತ ಮೇಲೆ ಹೊರಗೆ ಬಂತು.

ಆ ತೂಕದ ಮಹಿಮೆ ನನಗೆ ಆಗ ಗೊತ್ತಿರಲಿಲ್ಲ. ಒಂದು ಕಿಲೋದ ಒಳಗೆ ಇದ್ದರೆ ಒಂದು ಕಾನೂನು, ಇಪ್ಪತ್ತು ಕಿಲೋ ದಾಟಿದರೆ ಇನ್ನೊಂದು. ದಾಟಿದರೆ ಅದು ವ್ಯಾಪಾರದ ಪ್ರಮಾಣ, ಜಾಮೀನು ಸಿಗುವುದು ಬಹಳ ಕಷ್ಟ, ಶಿಕ್ಷೆ ಹತ್ತು ವರ್ಷಕ್ಕಿಂತ ಕಡಿಮೆ ಇಲ್ಲ. ಅಷ್ಟೇ ಅಲ್ಲ, ಕಾನೂನಿನ ಕಣ್ಣಿಗೆ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಬೇರೂ ಅಲ್ಲ, ಕಾಂಡವೂ ಅಲ್ಲ. ತಾಡಪತ್ರಿಯಂತೂ ಯಾವ ಕಾನೂನಿನಲ್ಲೂ ಅಮಲು ಪದಾರ್ಥವಲ್ಲ. ಹಾಗಾದರೆ ಲಾಲಪ್ಪನನ್ನು ವ್ಯಾಪಾರಿ ಮಾಡಿದ್ದು ಯಾರು? ಮಳೆಯೇ? ಮಣ್ಣೇ? ಇಲ್ಲ, ನನ್ನ ನಗುವೇ?

ಒಂದೂವರೆ ತಿಂಗಳು ನಾನು ಆ ಮನೆಯ ಕಡೆ ನೋಡಲಿಲ್ಲ. ಲಾಲಪ್ಪನ ಹೆಂಡತಿ ಅನಸುಬಾಯಿ ದಿನಾ ನಮ್ಮಲ್ಲಿಗೆ ಮಜ್ಜಿಗೆಗೆ ಬರುತ್ತಿದ್ದವಳು ಬರುವುದನ್ನು ಬಿಟ್ಟಳು. ಚಿತ್ತಾಪುರದಲ್ಲಿ ಡಿಗ್ರಿ ಓದುತ್ತಿದ್ದ ಅವರ ಮಗಳು ಭಾಗ್ಯ ಕಾಲೇಜು ಬಿಟ್ಟಳು. ಅಪ್ಪನ ಫೋಟೊ ತರಗತಿಯ ಎಲ್ಲರ ಫೋನಿಗೂ ಹೋಗಿತ್ತಂತೆ. ದೀಪಾವಳಿಯ ಮುಂಚಿನ ವಾರ ಅನಸುಬಾಯಿ ನಮ್ಮ ಅಂಗಳಕ್ಕೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನ್ನ ನಾಲಿಗೆಯೂ ಸಣ್ಣದಲ್ಲ, ಉತ್ತರ ಕೊಡುತ್ತಿದ್ದೆ. “ಕುಂದರ ಅನಸುಬಾಯಿ” ಎಂದೆ. ಕೂರಲಿಲ್ಲ. ನಮ್ಮ ಕೊಟ್ಟಿಗೆಯ ಕಡೆ ನೋಡಿ ಕೇಳಿದಳು:

“ನಿಮ್ಮ ಎಮ್ಮಿ ಛಲೋ ಅದ ಏನ್ರಿ ಅವ್ವಾರ?”

“ಛಲೋ ಅದ.”

“ಹಾಲು ಕೊಡ್ಲಿಕತ್ತದ?”

“ಕೊಡ್ಲಿಕತ್ತದ.”

“ಕೊಡ್ಲಿ” ಎಂದು ತಿರುಗಿ ಹೋದಳು.

ಆ ಎಮ್ಮೆಯ ಕಥೆ ಹೇಳಬೇಕು. ಲಾಲಪ್ಪನ ಅಪ್ಪನ ಕಾಲದಿಂದ ಅವರದು ದನಕ್ಕೆ ನಾಟಿ ಔಷಧ ಕೊಡುವ ಕೈ. ಎರಡು ವರ್ಷದ ಹಿಂದೆ ನಮ್ಮ ಎಮ್ಮೆ ಹೊಟ್ಟೆ ಕೆಟ್ಟು ನಾಲ್ಕು ದಿನ ಏಳಲಾರದೆ ಬಿದ್ದಿತ್ತು. ದನದ ಡಾಕ್ಟರು ರಜೆಯಲ್ಲಿದ್ದರು. ಆಳು ಕಳಿಸಿ ಅವನನ್ನು ಕರೆಸಿದವಳು ನಾನೇ. ಲಾಲಪ್ಪ ಒಂದು ಹಿಡಿ ಒಣ ಎಲೆಗಳನ್ನು ಬೆಲ್ಲದ ಜೊತೆ ಕಲಸಿ ತಿನ್ನಿಸಿದ. “ಇದ್ಯಾವ ತಪ್ಪಲೋ?” ಎಂದು ಕೇಳಿದೆ. “ಕೇಳಬ್ಯಾಡ್ರಿ ಅವ್ವಾರ, ಎಮ್ಮಿ ಏಳ್ತದ” ಎಂದ. ವಾಸನೆಯಿಂದಲೇ ನನಗೆ ಗೊತ್ತಾಗಿತ್ತು. ಎಮ್ಮೆ ಎದ್ದಿತು. ನಮ್ಮ ಊರಲ್ಲಿ ಆ ಮೂರು ಗಿಡ ಯಾಕಿವೆ ಎಂದು ಗೊತ್ತಿಲ್ಲದ ಮನೆಯಿಲ್ಲ, ದನ ಕಟ್ಟಿದವರೆಲ್ಲರ ಮನೆಗೂ ಅದರ ತಪ್ಪಲು ಹೋಗಿದೆ. ಗಿಡ ಬೆಳೆಸಿದ್ದು ಸರಿ ಎಂದು ನಾನು ವಾದಿಸುವುದಿಲ್ಲ. ಕಾನೂನು ಬೇಡ ಎಂದಿದ್ದನ್ನು ಅವನು ಬೆಳೆಸಿದ. ಮೂರು ಗಿಡಕ್ಕೆ ಎಷ್ಟು ಶಿಕ್ಷೆಯೋ ಅಷ್ಟು ಆಗಲಿ. ಮಣ್ಣಿಗೂ ಮಳೆಗೂ ಸೇರಿಸಿ ಅವನೊಬ್ಬನೇ ಯಾಕೆ ಅನುಭವಿಸಬೇಕು?

ಅನಸುಬಾಯಿ ಹೋದ ಮರುದಿನ ನಾನು ಊರಿನವರನ್ನು ಅಂಗಳಕ್ಕೆ ಕರೆದೆ. ನಮ್ಮ ಹೊಲದಲ್ಲಿ ಆಳೆತ್ತರ ಬೆಳೆದಿದ್ದ ಮೂರು ಹಸಿ ತೊಗರಿ ಗಿಡದ ಬುಡಕ್ಕೆ ನೀರು ಬಿಡಿಸಿ, ಮಣ್ಣುಸಹಿತ ಕೀಳಿಸಿದೆ. ತಾಡಪತ್ರಿ ನೆನೆಸಿ ಸುತ್ತಿಸಿದೆ. ಅದೇ ಕಾಟಾದ ಮೇಲೆ ಇಟ್ಟರೆ ಇಪ್ಪತ್ತೊಂದು ಕಿಲೋ ತೋರಿಸಿತು. ತಾಡಪತ್ರಿ ತೆಗೆಸಿದೆ, ಹದಿನೈದಕ್ಕೆ ಬಂತು. ಮಣ್ಣು ಝಾಡಿಸಿ ಬೇರು ಕತ್ತರಿಸಿದರೆ ಏಳು. ಹೂವಿನ ತುದಿಗಳನ್ನಷ್ಟೇ ಮುರಿದು ಇಟ್ಟರೆ ಕಾಟಾ ಎರಡು ಕಿಲೋ ಕೂಡ ತೋರಿಸಲಿಲ್ಲ. ನೆರೆಮನೆಯ ಮೆಹತಾಬ್ ಕಾಟಾ ನೋಡಿ, “ಯಾ ಅಲ್ಲಾ, ದಾನಕ್ಕಾ, ಲಾಲಪ್ಪನ್ನ ಜೇಲಿಗೆ ಹಾಕಿದ್ದು ತಾಡಪತ್ರಿನೇ!” ಎಂದಳು. ನಿಮ್ಮ ಪ್ರಯೋಗಾಲಯಕ್ಕೆ ಹೊಳೆಯದ ಸತ್ಯ ನಮ್ಮ ಮೆಹತಾಬಳಿಗೆ ಒಂದು ಗಳಿಗೆಯಲ್ಲಿ ಹೊಳೆಯಿತು.

ಆಮೇಲೆ ಎರಡನೆಯ ಪಂಚ ಯಾರು ಎಂದು ಹುಡುಕಿದೆ. ಮಾಣಿಕಪ್ಪ ಎಂದು ಹೆಸರು, ಠಾಣೆಯ ಎದುರು ಚಹಾ ಬಂಡಿ. ನಾನೇ ಹೋಗಿ ಬಂಡಿಯ ಮುಂದೆ ನಿಂತು ಕೇಳಿದೆ.

“ಆವತ್ತ ನಮ್ಮ ಅಂಗಳದಾಗ ನಾ ನಿನ್ನ ನೋಡೇ ಇಲ್ಲಲ್ಲೋ ಮಾಣಿಕಪ್ಪ?”

“ನಾ ಹ್ಯಾಂಗ ಬರ್ಲಿ ಅವ್ವಾರ, ಒಲಿ ಮ್ಯಾಲ ಹಾಲಿತ್ತು.”

“ಮತ್ತ ಸಹಿ?”

“ಸಹಿಗಿ ನಾ ಯಾಕ ಹೋಗಬೇಕ್ರಿ? ಅದೇ ನನ್ನ ಕಡಿ ಬರ್ತದ. ಬಿಸ್ಕಿಟ್ ತಿಂತೀರೇನು?”

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೂ ನನಗೂ ಏನು ವ್ಯತ್ಯಾಸ? ಅವನು ಬಂಡಿಯ ಹಿಂದೆ ನಿಂತು ಹಾಕಿದ, ನಾನು ಕಟ್ಟೆಯ ಮೇಲೆ ಕುಳಿತು ಹಾಕಿದೆ. ಠಾಣೆಯ ಎದುರು ಬಂಡಿ ಇಟ್ಟವನಿಗೆ ಸಹಿ ಹಾಕಲ್ಲ ಎನ್ನುವ ಧೈರ್ಯ ಬರುವುದು ಕಷ್ಟ. ನನಗೆ ಯಾರ ಹಂಗಿತ್ತು?

ಇಷ್ಟೆಲ್ಲ ಮಾಡಿ ಅಮಲು ನಿಂತಿದ್ದರೆ, ಹೋಗಲಿ, ಒಬ್ಬನಿಗೆ ಅನ್ಯಾಯವಾದರೂ ಊರು ಉಳಿಯಿತು ಎಂದು ನೀವು ವಾದಿಸಬಹುದಿತ್ತು. ನನ್ನ ತಂಗಿ ಅಮೃತಮ್ಮ ಶಹಾಬಾದದಲ್ಲಿ ಇದ್ದಾಳೆ. ಅವಳ ಓಣಿಯ ಮೂಲೆಗೆ ದಿನಾ ಸಂಜೆ ಒಂದು ಬಿಳಿ ಕಾರು ಬರುತ್ತದೆ, ಕಿಟಕಿಯಿಂದ ಪುಡಿಕೆಗಳು ಹೊರಗೆ ಬರುತ್ತವೆ. ಕಾಲೇಜಿನ ಮಕ್ಕಳು, ಕಲ್ಲಿನ ಗಣಿಯ ಕೂಲಿಯವರು ಕಾದು ನಿಲ್ಲುತ್ತಾರೆ. ಮಾಹಿತಿ ಕೊಟ್ಟವರ ಹೆಸರು ಗುಪ್ತವಾಗಿಡುತ್ತೇವೆ ಎಂದು ನೀವು ಗೋಡೆಗೆ ಅಂಟಿಸಿದ ನಂಬರಿಗೆ ಅವಳು ನಾಲ್ಕು ಸಲ ಫೋನು ಮಾಡಿದಳು. ಐದನೆಯ ದಿನ ಆ ಕಾರಿನವನು ಅವಳ ಮನೆಯ ಗೇಟಿನ ಮುಂದೆ ನಿಂತು, ಬಹಳ ಮರ್ಯಾದೆಯಿಂದ ಕೇಳಿದನಂತೆ, “ಅಜ್ಜಿ, ಫೋನು ಭಾಳ ಮಾಡ್ಲಿಕತ್ತೀರಿ. ಕರೆನ್ಸಿ ಮುಗಿದಿದ್ರ ಹೇಳ್ರಿ, ನಾನೇ ಹಾಕಸ್ತೀನಿ.”

ಇದಕ್ಕೆ ಏನನ್ನುತ್ತೀರಿ? ಎಮ್ಮೆಯ ಕೊಟ್ಟಿಗೆಯ ಹಿಂದಿನ ಮೂರು ಗಿಡ ಕಂಡ ಕಣ್ಣಿಗೆ ರಸ್ತೆಯ ನಡುವೆ ನಿಂತ ಬಿಳಿ ಕಾರು ಯಾಕೆ ಕಾಣುವುದಿಲ್ಲ? ಗಿಡ ಓಡುವುದಿಲ್ಲ ಎಂದೇ? ಲಾಲಪ್ಪನಂಥವನಿಗೆ ಫೋನು ಮಾಡಿ ಎಚ್ಚರಿಸುವವರಿಲ್ಲ ಎಂದೇ? ವರ್ಷದ ಕೊನೆಗೆ ನೀವು ಇಷ್ಟು ಕ್ವಿಂಟಲ್ ಗಾಂಜಾ ಹಿಡಿದೆವು ಎಂದು ಪ್ರಕಟಿಸುತ್ತೀರಿ. ಅದರಲ್ಲಿ ನಮ್ಮ ಕಡೆಯ ಎರೆಮಣ್ಣು ಎಷ್ಟು ಎಂಬುದನ್ನೂ ಒಂದು ಸಲ ಪ್ರಕಟಿಸಿ.

ನಾನು ಈ ವಿಷಯ ಎತ್ತಿದ್ದು ತಿಳಿದ ಮೇಲೆ ಫೌಜದಾರರು ಫೋನು ಮಾಡಿದರು. “ನೀವು ದೊಡ್ಡ ಮನಿತನದವರು ಅಮ್ಮಾರ, ಸಹಿ ಮಾಡಿ ತಿರುಗಿ ಬಿದ್ರ ಮನಿತನಕ್ಕ ಛಂದ ಕಾಣ್ತದೇನ್ರಿ?” ಎಂದರು. ನನ್ನ ಹಿರಿಮಗ ಶಂಕರಲಿಂಗ ಹೆದರಿ ತನ್ನ ಅಜ್ಜನ ಹೆಸರು ಎತ್ತಿದ. “ಯವ್ವಾ, ಖಾಲಿ ಹಾಳಿಗಿ ಸಹಿ ಮಾಡೀನಿ ಅಂತ ಕೋರ್ಟಿನಾಗ ನೀನೇ ಹೇಳಿದ್ರ, ನಿನ್ನ ಮ್ಯಾಲೇ ಕೇಸ್ ಹಾಕ್ತಾರ. ಮುತ್ಯಾನ ಹೆಸರು ಹೋಗ್ತದ.” ಅವನಿಗೆ ಹೇಳಿದೆ: “ನಿಮ್ಮ ಮುತ್ಯಾನ ಹೆಸರು ಹೋಗಿ ಎಂಟು ತಿಂಗಳಾತು. ಈಗ ತರ್ಲಿಕ್ಕಿ ಹೊಂಟೀನಿ.”

ನನ್ನ ಬೇಡಿಕೆ ಎಂದು ಬರೆಯುವುದಿಲ್ಲ, ಬೇಡುವುದು ನನಗೆ ಅಭ್ಯಾಸವಿಲ್ಲ. ಆಗಬೇಕಾದ್ದನ್ನು ಹೇಳುತ್ತೇನೆ. ಗಿಡ ಹಿಡಿದಲ್ಲಿ ಬೇರು, ಮಣ್ಣು, ಹೊದಿಕೆ ಬೇರೆ ಮಾಡಿ ತೂಗಬೇಕು, ತೂಗುವುದನ್ನು ಚಿತ್ರೀಕರಿಸಬೇಕು, ಕಾಟಾದ ಮುಖ ಚಿತ್ರದಲ್ಲಿ ಕಾಣಬೇಕು. ಪಂಚನಾಮೆಯನ್ನು ಅಲ್ಲೇ ಬರೆದು, ಪಂಚರಿಗೂ ಆರೋಪಿಗೂ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಕೇಳಬೇಕು. ಖಾಲಿ ಹಾಳೆ ಮುಂದಿಡುವ ಅಧಿಕಾರಿಯ ಮೇಲೆ, ಆತ ಎಷ್ಟೇ ಚಹಾ ಕುಡಿದಿರಲಿ, ಕ್ರಮ ಆಗಬೇಕು. ಕಳೆದ ಐದು ವರ್ಷಗಳಲ್ಲಿ ಒಂದೇ ಹೆಸರಿನ ಪಂಚರು ಎಷ್ಟು ಕೇಸುಗಳಲ್ಲಿ ಇದ್ದಾರೆ ಎಂದು ನಿಮ್ಮ ಕಡತ ತೆಗೆದು ನೋಡಿ. ಆ ಪಟ್ಟಿಯಲ್ಲಿ ನನ್ನ ಹೆಸರೂ ಸಿಗುತ್ತದೆ, ಸಂಕೋಚ ಬೇಡ. ನಾನು ಓದದೆ ಸಹಿ ಹಾಕಿದ ಕಾಗದಗಳ ಕೆಳಗೆ ಇನ್ನೂ ಎಷ್ಟು ಲಾಲಪ್ಪಂದಿರು ಇದ್ದಾರೋ ನನಗೆ ಗೊತ್ತಾಗಬೇಕು. ಇನ್ನು ನನ್ನ ತಂಗಿ ಫೋನು ಮಾಡಿದ ಸುದ್ದಿ ಆ ಕಾರಿನವನಿಗೆ ಯಾರಿಂದ ಹೋಯಿತು ಎಂಬುದು ನಿಮಗೆ ಗೊತ್ತಾಗಬೇಕು.

ನೀವು ಇದನ್ನೆಲ್ಲ ಮಾಡುವಿರೋ ಇಲ್ಲವೋ, ನಾನು ನನ್ನ ಕೆಲಸ ಮುಗಿಸಿದ್ದೇನೆ. ಹೋದ ಮಂಗಳವಾರ ಕಲಬುರಗಿಯ ನ್ಯಾಯಾಲಯದಲ್ಲಿ ಸರ್ಕಾರದ ಪರ ಸಾಕ್ಷಿಯಾಗಿ ನನ್ನನ್ನು ಕರೆದರು. ಲಾಲಪ್ಪ ಆ ಕಡೆ ನಿಂತಿದ್ದ, ಗಡ್ಡ ಬೆಳೆದಿತ್ತು, ನನ್ನ ಕಡೆ ನೋಡಲಿಲ್ಲ. ಸರ್ಕಾರಿ ವಕೀಲರು ಕಾಗದ ತೋರಿಸಿ ಈ ಸಹಿ ನಿಮ್ಮದೇ ಎಂದು ಕೇಳಿದರು. “ನಂದೇ. ನಾ ಹಾಕಿದಾಗ ಮ್ಯಾಲಿನ ಅಕ್ಷರ ಒಂದೂ ಇರಲಿಲ್ಲ” ಎಂದೆ. ಮಣ್ಣು, ತಾಡಪತ್ರಿ, ನನ್ನ ನಗು, ಎಲ್ಲ ಹೇಳಿದೆ. ಗಿಡ ಇದ್ದದ್ದು ನಿಜ, ಅದು ಯಾಕಿತ್ತು ಎಂದು ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ವಕೀಲರು ಸಿಟ್ಟಿಗೆದ್ದು, “ಹೀಗೆ ಹೇಳಲು ಆರೋಪಿಯ ಕಡೆಯವರು ನಿಮಗೆ ಏನು ಕೊಟ್ಟಿದ್ದಾರೆ?” ಎಂದು ಕೇಳಿದರು.

“ನಮ್ಮ ಎಮ್ಮಿ ಜೀವ ಕೊಟ್ಟಾರ. ಎರಡು ವರ್ಷದ ಹಿಂದ” ಎಂದೆ.

ಆಗ ಲಾಲಪ್ಪ ತಲೆ ಎತ್ತಿದ.

ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು, ಹಾಗೆಯೇ ದಾಖಲಾಯಿತು. ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿ ಸಹಿ ಹಾಕಿದಾಗ ಅನುಕೂಲವಾಗಿದ್ದವಳು ಕಣ್ಣು ತೆರೆದ ದಿನ ಪ್ರತಿಕೂಲಳಾದೆ. ತೀರ್ಪು ನ್ಯಾಯಾಲಯದ್ದು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ನನ್ನ ಮೇಲೆ ಕೇಸು ಹಾಕುವುದಿದ್ದರೆ ಹಾಕಿ, ವಿಳಾಸ ಠಾಣೆಯವರಿಗೆ ಗೊತ್ತಿದೆ. ಕೊನೆಗೆ ನನ್ನ ಹೇಳಿಕೆ ಬರೆದ ಹಾಳೆಗಳನ್ನು ಸಹಿಗೆ ಮುಂದಿಟ್ಟರು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಲು ಕುಳಿತೆ. “ಲಗೂ ಮಾಡ್ರಿ ಅಮ್ಮಾರ, ಇನ್ನೂ ಕೇಸ್ ಅವ” ಎಂದ ಅಲ್ಲಿಯ ಗುಮಾಸ್ತ. ಒಂದೂ ಸಾಲು ಬಿಡದೆ ಓದಿದೆ. ಎರಡು ಕಡೆ ತಪ್ಪಿತ್ತು, ತಿದ್ದಿಸಿದೆ. ಆಮೇಲೆ ಸಹಿ ಹಾಕಿದೆ.

ಇಂತಿ,
ನಿಮ್ಮ ಕಡತದ ಪ್ರಕಾರ ಪ್ರತಿಕೂಲ ಸಾಕ್ಷಿ,
ಈ ಪತ್ರವನ್ನೂ ಎರಡು ಸಲ ಓದಿ ಸಹಿ ಮಾಡಿದ
ದಾನಮ್ಮ ಗಂಡ ದಿ. ಸಂಗಣ್ಣ